ಬ್ಯಾಟರಿ ಕಿತ್ತು ತೂಗಿದ ಮೊಣಕಾಲು

ಯಂತ್ರದ ಮೊಣಕಾಲುಗಳ ತೂಕದ ಪಟ್ಟಿ ರಚಿಸಿದ ಲಘುಪಾದ ಕಂಪನಿಯ ಮಹಾಶಯರ ಸನ್ನಿಧಾನಕ್ಕೆ, ಇಟ್ಟಮಡುವಿನ ದಿನಸಿ ಅಂಗಡಿಯ ದಾಸಪ್ಪ ಒಂದೇ ಕಾಲಲ್ಲಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೇ ನಂಬಿದ್ದೇನೆ, ಇಷ್ಟು ಹಗುರವಾಗಿ ಲೆಕ್ಕ ಬರೆಯುವವರಿಗೆ ಕ್ಷೇಮಕ್ಕೇನು ಕೊರತೆ. ಎರಡು ವರ್ಷದ ಹಿಂದೆ ಟೆಂಪೋ ಹರಿದು ನನ್ನ ಬಲಗಾಲು ತೊಡೆಯ ನಡುವಿಗೇ ಹೋಯಿತು. ಅಂದಿನಿಂದ ಅಂಗಡಿಯ ಹಿಂದೆ ಅಕ್ಕಿ ಮೂಟೆಗಳ ಪಕ್ಕ ಮಲಗುತ್ತಿದ್ದೇನೆ, ಯಾಕೆಂದರೆ ನಮ್ಮ ಮನೆ ಇರುವುದು ಅಂಗಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು ಹತ್ತಿ. ಆ ಮೆಟ್ಟಿಲು ಹತ್ತಿಸುವ ಮೋಟಾರ್ ಮೊಣಕಾಲು ಎಂದು ತಮ್ಮವರು ಎಂಟು ದಿನದ ಟ್ರಯಲ್‌ಗೆ ಒಂದನ್ನು ಕೊಟ್ಟು ಹೋದರು. ಜೊತೆಗೆ ತಮ್ಮ ಪಟ್ಟಿ: ಬೇರೆ ಕಂಪನಿಯದು ಮೂರು ಕಿಲೋ ನಾನೂರು ಗ್ರಾಂ, ತಮ್ಮದು ಬರೀ ಎರಡು ಕಿಲೋ ನೂರು. ಆ ತೂಕ ನಂಬಿಯೇ ಅದನ್ನು ನನ್ನ ಸೊಂಟಕ್ಕೆ ಬಿಗಿಯುವ ಬೆಲ್ಟನ್ನೂ ತೆಳ್ಳಗಿನದು ಆರಿಸಿದರು.

ಒಂಬತ್ತನೇ ಮೆಟ್ಟಿಲಲ್ಲಿ ಬೆಲ್ಟು ಜಾರಿತು. ಕಾಲು ಕಳಚಿಕೊಂಡು ದಡದಡ ಇಳಿದು ಅಂಗಡಿ ಬಾಗಿಲಲ್ಲಿ ನಿಂತಿತು. ಮೆಟ್ಟಿಲು ಇಳಿಯುವುದರಲ್ಲಿ ಅದರ ಚುರುಕನ್ನು ಮೆಚ್ಚಲೇಬೇಕು. ನಾನು ಕಂಬಿ ಹಿಡಿದು, ಕೂತಲ್ಲೇ ಜಾರುತ್ತಾ ಕೆಳಗೆ ಬಂದೆ.

ಮಾರನೇ ದಿನ ಅಂಜನಾಪುರದ ಯಲ್ಲಯ್ಯನನ್ನು ಕರೆಸಿದೆ. ಗ್ಯಾರೇಜಿನಲ್ಲಿ ದುಡಿದವನು, ನನ್ನಂತೆಯೇ ಕಾಲು ಹೋದವನು, ತಾವು ಭಾರವೆಂದು ಬರೆದಿರುವ ಆ ಬೇರೆ ಕಂಪನಿಯ ಮೊಣಕಾಲನ್ನೇ ಹಾಕುವವನು. ಇಬ್ಬರದ್ದೂ ಬಿಚ್ಚಿ ತಕ್ಕಡಿಗೆ ಇಟ್ಟೆವು. ಬೇಳೆ ಕೊಳ್ಳಲು ಬಂದ ಲತಾಮಣಿ ನೋಡಿ, "ಏನ್ ಯಜಮಾನ್ರೇ, ಕೆಜಿ ಹೆಂಗೆ?" ಅಂದಳು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಲ್ಲಯ್ಯನದು ಬ್ಯಾಟರಿ, ಪಾದ, ಬೂಟು ಎಲ್ಲಾ ಸೇರಿ ಮೂರು ಕಿಲೋ ನಾನೂರು. ತಮ್ಮದು ಹಾಗೆಯೇ ಎಲ್ಲಾ ಸೇರಿ ಮೂರು ಕಿಲೋ ಎಂಟುನೂರು. ಪಾದ, ಬೂಟು ತೆಗೆದು ಬ್ಯಾಟರಿಯನ್ನೂ ಕಿತ್ತಾಗ ಮಾತ್ರ ಎರಡು ಕಿಲೋ ನೂರು. ಪಕ್ಕದವನಿಗೆ ಬೂಟು ಹಾಕಿಸಿ, ತಮ್ಮವನ ಕರುಳು ತೆಗೆಸಿ ತೂಗುವ ಈ ವಿದ್ಯೆಯನ್ನು ತಮಗೆ ಹೇಳಿಕೊಟ್ಟ ಗುರುಗಳ ಪಾದ ಎಲ್ಲಿದೆಯೋ ತಿಳಿಸಿದರೆ, ಅದನ್ನೂ ತೂಗುತ್ತೇನೆ.

ನನ್ನ ತಕ್ಕಡಿಗೆ ಇನ್ಸ್‌ಪೆಕ್ಟರು ಬಂದು ಮುದ್ರೆ ಒತ್ತುತ್ತಾರೆ, ತೊಗರಿಬೇಳೆ ಐವತ್ತು ಗ್ರಾಂ ಕಡಿಮೆಯಾದರೆ ಕೇಸು ಹಾಕುತ್ತಾರೆ. ತಮ್ಮ ಪಟ್ಟಿಗೆ ಬಣ್ಣದ ಕಾಗದವೇ ಮುದ್ರೆ. ಆದ್ದರಿಂದ ಅದನ್ನು ತಿದ್ದುವ ಕಷ್ಟ ತಮಗೆ ಬೇಡ. ಬದಲಿಗೆ, ಬ್ಯಾಟರಿಯನ್ನು ಬಿಟ್ಟ ಹಾಗೆಯೇ ನಾನು ಹತ್ತಲಾಗದೆ ಉಳಿದ ಮೇಲಿನ ಐದು ಮೆಟ್ಟಿಲನ್ನೂ ಲೆಕ್ಕದಿಂದ ಬಿಟ್ಟು ಬರೆದುಕೊಡಬೇಕೆಂದು ಕೈಮುಗಿದು ಬೇಡುತ್ತೇನೆ. ಆಗ ನಾನು ಮನೆ ಸೇರಿದಂತಾಗುತ್ತದೆ.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟರೂ ಕೂಡಿಸಿ ಕಳೆಯಲು ಬರುವ
ತಮ್ಮ ವಿಶ್ವಾಸಿ,
ದಾಸಪ್ಪ

ಮರೆತ ಮಾತು: ಕೆಳಗಿಟ್ಟರೆ ಇಲಿ ಕಡಿಯುತ್ತದೆಂದು ನನ್ನ ಹೆಂಡತಿ ಈಶ್ವರಮ್ಮ ತಮ್ಮ ಮೊಣಕಾಲನ್ನು ಸೊಂಟದ ಮೇಲೆ ಹೊತ್ತು ಮನೆಯಲ್ಲಿಟ್ಟಿದ್ದಾಳೆ. ತಮ್ಮ ಯಂತ್ರ ಹದಿನಾಲ್ಕೂ ಮೆಟ್ಟಿಲು ಹತ್ತಿತು ಎಂದು ಧಾರಾಳವಾಗಿ ಅಚ್ಚು ಹಾಕಿಸಬಹುದು, ಅದೊಂದು ಸುಳ್ಳಾಗುವುದಿಲ್ಲ.