ಅದುರುವ ಎಡದೀಪದವರ ಸನ್ನಿಧಾನಕ್ಕೆ

ಮಾನ್ಯ ಎಡದೀಪದವರೇ,

ನನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಮೂತಿಯಲ್ಲಿ ಮುಚ್ಚಳ ಹೊದ್ದು ಮಲಗಿ, ಸ್ವಿಚ್ ಒತ್ತಿದಾಗ ಮಾತ್ರ ಮೇಲೇಳಬೇಕಾದ ತಮಗೆ ಅಕ್ಕೂರಿನಿಂದ ಸವಿನಯ ವಂದನೆಗಳು. ತಮ್ಮ ಬಲಗಡೆಯ ಸಹೋದ್ಯೋಗಿ ಹಾಗೆಯೇ ನಡೆದುಕೊಳ್ಳುತ್ತಾರೆ. ತಾವು ಮಾತ್ರ ಗಾಡಿ ನಿಂತಿರುವಾಗಲೂ, ಹಾಡಹಗಲಲ್ಲೂ, ಯಾರೂ ಕರೆಯದೆ ಎದ್ದು ಊರನ್ನೊಮ್ಮೆ ನೋಡಿ ಮತ್ತೆ ಮಲಗುತ್ತೀರಿ. ಇಂಥ ಸ್ವತಂತ್ರ ಮನೋಭಾವ ನನಗೆ ನಲವತ್ತು ದಾಟಿದರೂ ಸಿದ್ಧಿಸಿಲ್ಲವಾದ್ದರಿಂದ ಈ ದೂರಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಬೆರೆತಿರಬಹುದು.

ತಮ್ಮ ಸೇವೆಯಲ್ಲಿ ನಾನು ಲೋಪ ಮಾಡಿಲ್ಲವೆಂದು ನಂಬಿದ್ದೇನೆ. ಫ್ಯೂಸ್ ಬದಲಿಸಿದೆ. ಅರ್ಥಿಂಗ್ ವೈರಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಕೀಲುಗಳಿಗೆ ಗ್ರೀಸ್ ಹಚ್ಚಿದೆ. ಅದರಿಂದ ತಾವು ಮೊದಲಿಗಿಂತ ಚುರುಕಾಗಿ ಏಳತೊಡಗಿದಿರಿ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಪಕ್ಕದ ಮನೆಯ ಶಿವಲಿಂಗಮ್ಮನವರು ರೇಷ್ಮೆಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೊರಟ ಬೆಳಿಗ್ಗೆ ತಾವು ಅವರೆದುರು ಅದುರಿದಿರಿ, ಅಂದು ಗೂಡಿಗೆ ಒಳ್ಳೆಯ ಬೆಲೆ ಬಂತು. ಎಡಗಣ್ಣು ಅದುರಿದರೆ ಹೆಂಗಸರಿಗೆ ಶುಭ, ಗಂಡಸರಿಗೆ ಅಶುಭ ಎಂಬುದು ಗೊತ್ತಿರುವ ವಿಚಾರವಾದ್ದರಿಂದ, ಮಾರನೆಯ ದಿನದಿಂದ ಊರಿನ ಹೆಂಗಸರು ನನ್ನ ಗೇಟಿನ ಮುಂದೆ ಸಾಲುಗಟ್ಟಿದರು. ಶಕುನ ಕಣ್ಣಿನ ಒಡೆಯರಿಗೆ ಮಾತ್ರ ಸಲ್ಲುತ್ತದಲ್ಲವೇ ಎಂದು, ಇಂಗ್ಲಿಷ್ ಶಾಲೆಯಲ್ಲಿ ಕಲಿತ ತರ್ಕವನ್ನೆಲ್ಲ ಒಟ್ಟುಗೂಡಿಸಿ, ಸಾಲಿನ ಮೊದಲಲ್ಲಿದ್ದ ದೊಡ್ಡಲಕ್ಷ್ಮಮ್ಮನವರನ್ನು ಕೇಳಿದೆ. "ಕಣ್ಣು ಗಾಡೀದು, ಗಾಡಿ ನಮ್ಮೂರ್ದು ಕಣವ್ವ," ಎಂದರು. ತಮ್ಮ ಗಾಜಿಗೆ ಹೆಂಗಸರೆಲ್ಲ ಹಚ್ಚುವ ಕುಂಕುಮದಿಂದಾಗಿ ರಾತ್ರಿ ರಸ್ತೆಯ ಎಡಭಾಗ ನನಗೆ ನಸುಗೆಂಪಾಗಿಯೇ ಕಾಣುತ್ತದೆ.

ಗಂಡಸರು ಸಹಜವಾಗಿಯೇ ನೊಂದರು. ಎದುರುಮನೆಯ ತಿಮ್ಮಯ್ಯನವರು, "ಬೆಳಿಗ್ಗೆ ಎದ್ದೇಟ್ಗೆ ಎಡಗಣ್ಣಾದ್ರೆ ಹೊಲಕ್ ಹೋಗೋದೆಂಗವ್ವ, ಒಸಿ ರಿಪೇರಿ ಮಾಡ್ಸು," ಎಂದು ಬೇಡಿಕೊಂಡು, ಮನೆಯಿಂದ ತಂದ ಗೋಣಿಚೀಲವನ್ನು ತಮ್ಮ ಮೇಲೆ ಹೊದಿಸಿ ಹೋದರು. ತಾವು ಗೋಣಿಚೀಲದ ಸಮೇತ ಎದ್ದಿರಿ. ಆ ದಿನ ತಿಮ್ಮಯ್ಯನವರು ಹೊಲಕ್ಕೆ ಹಿತ್ತಲ ಬಾಗಿಲಿಂದ ಹೋದರೆಂದು ಕೇಳಿದ್ದೇನೆ.

ಈಗ ಮುಖ್ಯ ವಿಷಯ. ಸೋಮವಾರ ರಾಮನಗರದಲ್ಲಿ ಗಾಡಿಯ ನೋಂದಣಿ ನವೀಕರಣದ ತಪಾಸಣೆಯಿದೆ. ದೀಪಗಳೆರಡೂ ಎದ್ದು ನಿಲ್ಲದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ನನಗಾಗಿ, ಯಾರನ್ನೂ ಕೇಳದೆ, ಬದುಕಿನಲ್ಲಿ ಕೊಂಡ ಒಂದೇ ವಸ್ತು ಇದು. ಇದರಲ್ಲಿ ಕೋಳಿ ಸಾಕುವ ಸಲಹೆ ಮನೆಯಲ್ಲಿ ಈಗಾಗಲೇ ಕೇಳಿಬಂದಿದೆ. ಆದ್ದರಿಂದ ಚನ್ನಪಟ್ಟಣದ ಮೆಕ್ಯಾನಿಕ್ ಸಮದ್ ಅವರು ಹೇಳಿದಂತೆ, ತಮ್ಮನ್ನು ಏಳಿಸಿ ಮಲಗಿಸುವ ರಿಲೇ ಎಂಬ ಪುಟ್ಟ ಕಪ್ಪು ಡಬ್ಬಿಯನ್ನು ಇಂದು ಬಲಗಡೆಯವರದರೊಂದಿಗೆ ಅದಲುಬದಲು ಮಾಡಿದ್ದೇನೆ. ತಪ್ಪು ತಮ್ಮದೋ ಡಬ್ಬಿಯದೋ ಎಂಬುದು ಇದರಿಂದ ತಿಳಿಯುತ್ತದಂತೆ. ತಪಾಸಣೆ ಮುಗಿಯುವವರೆಗೆ ತಾವು ಶಾಲೆಯ ಪ್ರಾರ್ಥನೆಯಲ್ಲಿ ನಿಂತಂತೆ ನಿಲ್ಲಬೇಕು. ಸಾಧ್ಯವಾದರೆ ಪರೀಕ್ಷಕರನ್ನು ದಿಟ್ಟಿಸಬಾರದು.

ತಮ್ಮ ಬೆಳಕನ್ನೇ ನಂಬಿರುವ ವಿಶ್ವಾಸಿ,
ವರಲಕ್ಷ್ಮಿ, ಅಕ್ಕೂರು

ತಾ.ಕ.: ಸೋಮವಾರ ತಾವು ನೆಟ್ಟಗೆ ನಿಂತಿರಿ. ಅದುರಿದ್ದು ತಮ್ಮ ಡಬ್ಬಿ ಪಡೆದ ಬಲಗಡೆಯವರು. "ಬಲಗಣ್ಣಲ್ವೇನಮ್ಮ? ನಮಗೆ ಒಳ್ಳೇದೇ," ಎಂದು ಪರೀಕ್ಷಕರು ಸಂತೋಷಪಟ್ಟು, ರಿಪೇರಿ ಮಾಡಿಸಿ ಮುಂದಿನ ವಾರ ಬನ್ನಿ ಎಂದು ಬರೆದುಕೊಟ್ಟರು. ಮನೆಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿ, ತಿಮ್ಮಯ್ಯನವರು ಒಗೆದ ಪಂಚೆಯುಟ್ಟು ಗಂಡಸರ ಸಾಲಿನ ಮೊದಲಲ್ಲಿದ್ದರು. ದೊಡ್ಡಲಕ್ಷ್ಮಮ್ಮನವರು ದೂರದಲ್ಲೇ ನಿಂತು, "ಹೆಣ್ಣಾಗಿ ನಮ್ಮ ಅದೃಷ್ಟವ ಬಿಚ್ಚಿ ಗಂಡಸ್ರಿಗೆ ಕೊಟ್ಬುಟ್ಟಲ್ಲವ್ವ," ಎಂದು ಹೇಳಿ ಹೋದರು, ಅಂದಿನಿಂದ ಮಾತಿಲ್ಲ. ಸಮದ್ ಹೊಸ ರಿಲೇ ತಂದುಕೊಟ್ಟಿದ್ದಾರೆ. ಅದನ್ನು ತಪಾಸಣೆಯ ದಿನಕ್ಕೆಂದು ಎತ್ತಿಟ್ಟು, ಅದುರಿಸುವ ಹಳೆಯದನ್ನು ತಮಗೇ ಮರಳಿಸಿದ್ದೇನೆ. ನಾಳೆ ಬೆಳಿಗ್ಗೆ ಶಿವಲಿಂಗಮ್ಮನವರ ಗೂಡು ಮಾರುಕಟ್ಟೆಗೆ ಹೊರಡಲಿದೆ. ದಯವಿಟ್ಟು ಹೊತ್ತಿಗೆ ಸರಿಯಾಗಿ ಕೆಡಬೇಕಾಗಿ ವಿನಂತಿ.