ಅತ್ತೆಯ ವಾರಂಟು

ಇನ್ನೊಬ್ಬರ ಸ್ವಾತಂತ್ರ್ಯದ ಬಗ್ಗೆ ಪಾಠ ಮಾಡುವಷ್ಟು ಸುಖದ ಕೆಲಸ ಬೇರೊಂದಿಲ್ಲ. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಕಾನೂನಿನ ಇತಿಹಾಸ ಕಲಿಸುವವನು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಾಮ್ರಾಜ್ಯವೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ಆಗ ಅಮೆರಿಕದ ವಸಾಹತುಗಳಲ್ಲಿ ಸುಂಕದ ಅಧಿಕಾರಿಗಳು ಒಂದೇ ವಾರಂಟು ಹಿಡಿದು, ಕಳ್ಳಮಾಲು ಹುಡುಕುವ ನೆಪದಲ್ಲಿ ಯಾರ ಮನೆಗೆ ಬೇಕಾದರೂ ನುಗ್ಗಬಹುದಿತ್ತು. ಯಾರ ಮನೆ, ಯಾವ ವಸ್ತು ಎಂದು ಬರೆಯದ ವಾರಂಟು ನಡೆಯದು ಎಂದು ಜನ ತಿರುಗಿಬಿದ್ದರು. ಇಲ್ಲಿಗೆ ಬರುವಾಗ ನನ್ನ ಸ್ವರ ಏರಿ ಹಿಂದಿನ ಬೆಂಚಿನವರಿಗೂ ಎಚ್ಚರವಾಗುತ್ತದೆ. ಆ ವೀರರು ತಮ್ಮ ಮನೆಯ ಹೆಂಗಸರಿಗೆ ಮಾತ್ರ ಹಕ್ಕುಗಳನ್ನು ಕೊಡಲಿಲ್ಲ ಎಂಬ ಭಾಗವೂ ಪಾಠದಲ್ಲಿದೆ. ಅಷ್ಟರಲ್ಲಿ ಸಾಮಾನ್ಯವಾಗಿ ಬೆಲ್ ಆಗುತ್ತದೆ.

ಮನೆಗೆ ಬಂದರೆ ಅಲ್ಲಿ ಅತ್ತೆ, ನನ್ನ ಹೆಂಡತಿಯ ತಾಯಿ. ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಅವರು ನನ್ನ ಓದುವ ಕೋಣೆಯನ್ನು ಶೋಧಿಸತೊಡಗಿದ್ದಾರೆ. ಕಳೆದ ವಾರ ದಪ್ಪ ಪುಸ್ತಕವೊಂದರ ಹಿಂದಿನಿಂದ ಬಾಳೆಹಣ್ಣು ಹಲ್ವದ ಪೊಟ್ಟಣ ಹೊರಗೆಳೆದರು. ಹಲ್ವ ಹೋದದ್ದಕ್ಕೆ ಬೇಸರವಾಯಿತು, ಕೋಣೆ ಹೋದದ್ದಕ್ಕೆ ನಿಜವಾಗಿ ಸಂಕಟವಾಯಿತು. ನನ್ನದು ಎಂದು ಬಾಗಿಲು ಹಾಕಿಕೊಳ್ಳಲು ನನಗಿದ್ದದ್ದು ಅದೊಂದೇ.

"ಅತ್ತೆ, ಹೀಗೆಲ್ಲ ಹುಡುಕುವ ಹಾಗಿಲ್ಲ. ಮನುಷ್ಯನಿಗೆ ಅವನ ಮನೆಯೇ ಕೋಟೆ ಅಂತ ಕಾನೂನು ಉಂಟು," ಎಂದೆ.

"ಇರಬಹುದು. ಈ ಮನೆ ಯಾರದ್ದು?" ಎಂದರು ಅತ್ತೆ, ಪೊಟ್ಟಣ ಮೂಸುತ್ತಾ.

ಮನೆ ಅವರದ್ದೇ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮನೆ ತಾಯಿಯಿಂದ ಮಗಳಿಗೆ. ಗಂಡಸಿನ ಮಾತು ನಡೆಯುವುದು ಅಕ್ಕತಂಗಿಯರ ಮನೆಯಲ್ಲಿ, ಸೋದರಮಾವನಾಗಿ. ಹೆಂಡತಿಯ ಮನೆಯಲ್ಲಿ ಅವನು ಊಟ ಮಾಡಿ ಹೋಗುವ ನೆಂಟ. ಈಗ ಕಾನೂನು ಬದಲಾಗಿದೆ, ಅತ್ತೆ ಬದಲಾಗಿಲ್ಲ. ನ್ಯಾಯಕ್ಕಾಗಿ ಹೆಂಡತಿಯ ಮುಖ ನೋಡಿದೆ. ಅವಳು ಹಲ್ವ ತಿನ್ನುತ್ತಿದ್ದಳು.

"ನಿಮ್ಮ ಕೋಟೆ ಕಾಪುವಿನಲ್ಲಿ ಉಂಟಲ್ವಾ, ತಂಗಿಯ ಮನೆ? ಅಲ್ಲಿ ಹೋಗಿ ನಡೆಸಿ ದರ್ಬಾರು," ಎಂದರು ಅತ್ತೆ.

ಭಾನುವಾರ ಹೋದೆ. ಅಲ್ಲಿ ನನಗೆ ಒಳ್ಳೆಯ ಕುರ್ಚಿ, ಮೊದಲ ಚಹಾ. ಪಕ್ಕದಲ್ಲಿ ತಂಗಿಯ ಮಗಳ ಬ್ಯಾಗ್ ಇತ್ತು. ಅವಳು ನನ್ನದೇ ತರಗತಿಯಲ್ಲಿ ಓದುವವಳು. ಸೋದರಮಾವನ ಗತ್ತಿನಲ್ಲಿ ಸುಮ್ಮನೆ ಜಿಪ್ ಎಳೆದು ಕೈ ಹಾಕಿದೆ.

"ಎಂತ ಮಾವ ಹುಡುಕುವುದು?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಹೀಗೇ. ಎಂತ ಉಂಟು ಅಂತ ನೋಡುವ ಅಂತ."

"ಎಂತ ಹುಡುಕುವುದು ಅಂತ ಹೇಳದ ವಾರಂಟು ನಡೆಯುವುದಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದ್ದು ನೀವೇ ಅಲ್ವಾ?"

ಜಿಪ್ ಮುಚ್ಚಿ ಬ್ಯಾಗನ್ನು ಅವಳ ಕೈಗೆ ಕೊಟ್ಟೆ. ಬಸ್ಸಿನಲ್ಲಿ ಮರಳುವಾಗ ಲೆಕ್ಕ ಹಾಕಿದರೆ ಅತ್ತೆಯ ವಾರಂಟಿನಲ್ಲಿ ಯಾವ ಲೋಪವೂ ಕಾಣಲಿಲ್ಲ. ಯಾರ ಕೋಣೆ, ಯಾವ ವಸ್ತು, ಎಲ್ಲ ಅವರಿಗೆ ಖಚಿತವಾಗಿತ್ತು. ಏನು ಬೇಕೆಂದೇ ಗೊತ್ತಿಲ್ಲದೆ ಕೈ ಹಾಕಿದ ಸುಂಕದವನು ನಾನೊಬ್ಬನೇ.