ಸತ್ತವನಿಗೆ ಒಂಬತ್ತು ಅಂಕ

ನಾಟಕದ ವಿಷಯದಲ್ಲಿ ನನಗೆ ಅಭಿಪ್ರಾಯಗಳಿವೆ. ಬೇರೆ ವಿಷಯಗಳಲ್ಲಿ ನಾನು ಸಾಮಾನ್ಯವಾಗಿ ಬಾಯಿ ಬಿಡುವವಳಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಆ ದಿನಗಳಲ್ಲಿ, ನನ್ನ ಧ್ವನಿ ಹೇಗಿದೆ ಎಂಬುದು ಸ್ಟಾಫ್ ರೂಮಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆದರೆ ಊರಿಗೆ ನಾಟಕ ಕಂಪನಿ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರದ ಬಯಲಿನಲ್ಲಿ ತಗಡಿನ ಥೇಟರು ಎದ್ದಿತೆಂದರೆ ಮೂರನೆಯ ಸಾಲಿನ ತುದಿಯ ಕುರ್ಚಿ ನನ್ನದು. ಅಲ್ಲಿ ಕುಳಿತು ನಾನು ನಾಟಕ ನೋಡುತ್ತಿರಲಿಲ್ಲ. ಪರಿಶೀಲಿಸುತ್ತಿದ್ದೆ!

ನನ್ನ ಮುಖ್ಯ ತಕರಾರು ಒನ್ಸ್ ಮೋರ್ ಬಗ್ಗೆ. ನಮ್ಮ ಕಡೆಯ ಪ್ರೇಕ್ಷಕರಿಗೆ ಒಂದು ಹಾಡೋ ಮಾತೋ ಹಿಡಿಸಿತೆಂದರೆ, ಕಥೆ ಎಲ್ಲಿಗೆ ಬಂದಿದೆ ಎಂಬ ಪರಿವೆ ಇರುವುದಿಲ್ಲ. "ಒನ್ಸ್ ಮೋರ್!" ಎಂದು ಕೂಗಿಬಿಡುತ್ತಾರೆ. ಮದುವೆಯಾದವರು ಹಾರ ತೆಗೆದು ಮತ್ತೊಮ್ಮೆ ಮದುವೆಯಾಗುತ್ತಾರೆ. ಮನೆ ಬಿಟ್ಟು ಹೋದ ಮಗ ತಿರುಗಿ ಬಂದು ಮತ್ತೊಮ್ಮೆ ಬಿಟ್ಟು ಹೋಗುತ್ತಾನೆ. ಒಂದು ಸಲವಂತೂ ನಾಯಕನ ಪಾತ್ರದ ಬಸಣ್ಣ ಎದೆಗೆ ಚೂರಿ ಹಾಕಿಸಿಕೊಂಡು, ಹಾಡಿ, ಸತ್ತ. ಜನ ಕೂಗಿದರು. ಎದ್ದ, ಅಂಗಿಯ ಧೂಳು ಝಾಡಿಸಿಕೊಂಡ, ಮತ್ತೆ ಚೂರಿ ಹಾಕಿಸಿಕೊಂಡ!

ನನಗೆ ತಡೆಯಲಾಗಲಿಲ್ಲ. ಆಟ ಮುಗಿದ ಮೇಲೆ ರಂಗದ ಹಿಂದಕ್ಕೆ ಹೋಗಿ ಕಂಪನಿಯ ಮಾಲಕಿ ಪ್ರೇಮವ್ವನವರನ್ನು ಕಂಡೆ. "ಮರಣ ಎನ್ನುವುದು ಒಮ್ಮೆ ಮಾತ್ರ ಸಂಭವಿಸುವ ಘಟನೆ. ಅದನ್ನು ಎರಡು ಸಲ ತೋರಿಸಿದರೆ ಕರುಣ ರಸಕ್ಕೆ ಧಕ್ಕೆಯಾಗುತ್ತದೆ" ಎಂದೆ.

ಪ್ರೇಮವ್ವ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಹೇಳಿದರು. "ತಂಗಿ, ಅಂವ ಎದ್ದು ಮತ್ತ ಸತ್ತ ಅಂತನ ನಾಳೆನೂ ಮಂದಿ ಬರತಾರ. ಮಂದಿ ಬಂದ್ರ ನಾವು ಉಣ್ಣತೇವಿ. ಬಾ, ಕುಂಡ್ರು, ನೀನೂ ಒಂದ ರೊಟ್ಟಿ ಉಣ್ಣು."

ಉಂಡೆ. ಬದನೆಕಾಯಿ ಪಲ್ಯ ಚೆನ್ನಾಗಿತ್ತು. ಅಭಿಪ್ರಾಯ ಬದಲಾಗಲಿಲ್ಲ.

ನನ್ನ ಎರಡನೆಯ ತಕರಾರು ಟೀವಿಯ ಡ್ಯಾನ್ಸ್ ಸ್ಪರ್ಧೆಗಳ ಬಗ್ಗೆ. ಆಗ ಯಾವ ಚಾನೆಲ್ ತಿರುಗಿಸಿದರೂ ಯಾರೋ ಒಬ್ಬರು ಕುಣಿಯುತ್ತಿದ್ದರು, ಮೂವರು ಕುಳಿತು ಅಂಕ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಅವ್ವ ಮತ್ತು ಅಣ್ಣನ ಹೆಂಡತಿ ವೈನಿ ಸಂಜೆಯ ಕೆಲಸ ಮುಗಿಸಿ ಅದರ ಮುಂದೆ ಕೂರುತ್ತಿದ್ದರು.

"ಹತ್ತಕ್ಕ ಒಂಬತ್ತೂವರಿ! ನೋಡು ಶೈಲಾ, ನೀ ನಿನ್ನ ಹುಡುಗೂರಿಗೆ ಎಂದರ ಇಷ್ಟು ಹಾಕೀಯೇನು?" ಎಂದು ವೈನಿ ಒಮ್ಮೆ ಕೆಣಕಿದರು.

"ಅಂವ ನಡುವ ಎಷ್ಟು ಸಲ ತಾಳ ತಪ್ಪಿದ, ನೋಡಿದಿರಿಲ್ಲೋ?"

"ತಪ್ಪಲಿ ಬಿಡು. ಅವರವ್ವ ಅಲ್ಲಿ ಅಳಾಕತ್ತಾಳ."

"ಅಳೂದಕ್ಕ ಬ್ಯಾರೆ ಅಂಕ ಅದಾವೇನ್ರಿ ವೈನಿ?"

ಅವ್ವ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಈಕಿ ಅಲ್ಲಿ ಕುಂತಿದ್ರ ಅವರವ್ವ ಏನು, ಟೀವಿನೂ ಅಳತಿತ್ತು."

ಆ ವರ್ಷ ಸುಗ್ಗಿ ಮುಗಿದ ಮೇಲೆ ಪ್ರೇಮವ್ವನವರ ಕಂಪನಿ ಮತ್ತೆ ನಮ್ಮೂರಿಗೆ ಬಂತು. ಆದರೆ ಥೇಟರಿನಲ್ಲಿ ಕುರ್ಚಿಗಳಿದ್ದವು, ಜನ ಇರಲಿಲ್ಲ. ಜನರೆಲ್ಲ ಮನೆಯಲ್ಲೇ ಕುಳಿತು ಟೀವಿಯಲ್ಲಿ ಕುಣಿಯುವವರನ್ನು ನೋಡುತ್ತಿದ್ದರು. ಒಂದು ಮಧ್ಯಾಹ್ನ ಪ್ರೇಮವ್ವ ನಮ್ಮ ಮನೆಗೇ ಬಂದರು. ಚಹಾ ಕುಡಿದು ಕಪ್ಪು ಕೆಳಗಿಟ್ಟರು.

"ಈ ಶನಿವಾರ, ಆದಿತ್ಯವಾರ ಥೇಟರ ತುಂಬಲಿಲ್ಲ ಅಂದ್ರ ಸೋಮವಾರ ತಗಡು ಬಿಚ್ಚತೇವಿ" ಎಂದರು. "ಮುಂದಿನ ಊರಿಗೆ ಹೋಗಾಕಲ್ಲವಾ. ಕಂಪನಿನ ಮುಚ್ಚಾಕ. ಬಸಣ್ಣ ಆಗಲೇ ಹುಬ್ಬಳ್ಳಿಗೆ ಹೋಗಿ ಹೋಟೆಲಿನಾಗ ಕೆಲಸ ಕೇಳಿ ಬಂದಾನ."

ಬಸಣ್ಣ ಹೋಟೆಲಿನಲ್ಲಿ ಇಡ್ಲಿ ಕೊಡುವುದನ್ನು ಕಲ್ಪಿಸಿಕೊಂಡೆ. ಗಿರಾಕಿಗಳು ಒನ್ಸ್ ಮೋರ್ ಎಂದರೆ ಅಲ್ಲಾದರೂ ಅದಕ್ಕೆ ಅರ್ಥವಿದೆ. ಆದರೂ!

ಪ್ರೇಮವ್ವ ಒಂದು ಉಪಾಯ ಹೂಡಿದ್ದರು. ನಾಟಕದ ಎರಡನೆಯ ಅಂಕಕ್ಕೂ ಮೂರನೆಯ ಅಂಕಕ್ಕೂ ನಡುವೆ, ಟೀವಿಯಲ್ಲಿ ಇದ್ದ ಹಾಗೆಯೇ, ಡ್ಯಾನ್ಸ್ ಸ್ಪರ್ಧೆ. ಸುತ್ತಲಿನ ಹಳ್ಳಿಯವರು ಯಾರು ಬೇಕಾದರೂ ಕುಣಿಯಬಹುದು. ನಿರ್ಣಾಯಕರು ಮೂವರು: ಬಜಾರದ ಬಟ್ಟೆ ಅಂಗಡಿಯ ಸಾವುಕಾರರು, ಕಂಪನಿಯ ಹಾರ್ಮೋನಿಯಂ ಮಾಸ್ತರರು, ಮತ್ತು ನಾನು.

"ನಾನ್ಯಾಕ್ರಿ?"

"ನಾಟಕ ಮುಗಿದ ಮ್ಯಾಲೆ ಹಿಂದ ಬಂದು ನನಗ ಬೈದಾಕಿ ನೀ ಒಬ್ಬಾಕಿನ. ತಿಳಿದಾಕಿ ಇರಬೇಕು ಅಂದೆ."

ಒಳಗಿನಿಂದ ವೈನಿ "ಹೋಗು, ಹೋಗು" ಎಂದು ಕೈಸನ್ನೆ ಮಾಡಿದರು. ಕಂಪನಿಯನ್ನು ಉಳಿಸುವುದು, ಜೊತೆಗೆ ಬೈಲಹೊಂಗಲದ ಅಭಿರುಚಿಯನ್ನು ತಿದ್ದುವುದು, ಎರಡೂ ಎರಡು ಸಂಜೆಗಳಲ್ಲಿ ಸಾಧ್ಯ ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿತು. ಒಪ್ಪಿಕೊಂಡೆ!

ಶನಿವಾರ ಸಂಜೆ ಥೇಟರು ಅರ್ಧ ತುಂಬಿತ್ತು. ರಂಗದ ಬಲತುದಿಯಲ್ಲಿ ಮೂರು ಕುರ್ಚಿ, ಮುಂದೆ ಒಂದು ಮೈಕು. ಸಾವುಕಾರರು ಸೀರೆಯ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಅಂಕದ ಕಾರ್ಡುಗಳನ್ನು ಮಾಡಿಸಿ ತಂದಿದ್ದರು. ಅವರೂ ಮಾಸ್ತರರೂ ಒಂಬತ್ತು, ಹತ್ತರ ಕಾರ್ಡುಗಳನ್ನಷ್ಟೇ ಕೈಯಲ್ಲಿಟ್ಟುಕೊಂಡು ಉಳಿದವನ್ನು ಕುರ್ಚಿಯ ಕೆಳಗೆ ಸರಿಸಿದರು. ನಾನು ಒಂದರಿಂದ ಹತ್ತರವರೆಗೆ ಕ್ರಮವಾಗಿ ಜೋಡಿಸಿಕೊಂಡೆ. ನ್ಯಾಯಕ್ಕೆ ಎಲ್ಲ ಕಾರ್ಡುಗಳೂ ಬೇಕು.

ಮೊದಲು ಬಂದವರು ನೇಸರಗಿಯ ಅಣ್ಣತಮ್ಮಂದಿರು. ಟೀವಿಯಲ್ಲಿ ಕಲಿತ ಕುಣಿತ. ಕರೆಂಟು ಹೊಡೆದವರ ಹಾಗೆ ಅರ್ಧ ಹಾಡು ನಡುಗಿದರು, ಉಳಿದರ್ಧ ನೆಲದ ಮೇಲೆ ಉರುಳಿದರು. ಸಾವುಕಾರರು ಒಂಬತ್ತು ಎತ್ತಿದರು. ಮಾಸ್ತರರೂ ಒಂಬತ್ತು. ನಾನು ನಾಲ್ಕು ಎತ್ತಿ ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡೆ.

"ಈ ಸಹೋದರರ ನೃತ್ಯದಲ್ಲಿ ಕೈಗಳಿಗೂ ಕಾಲುಗಳಿಗೂ ಪರಸ್ಪರ ಪರಿಚಯ ಇದ್ದಂತೆ ಕಾಣಲಿಲ್ಲ. ಅಣ್ಣ ಹಾಡಿಗಿಂತ ಒಂದು ಸಾಲು ಮುಂದಿದ್ದರು. ತಮ್ಮ ಒಂದು ಸಾಲು ಹಿಂದಿದ್ದರು. ನಡುವೆ ಹಾಡು ಮಾತ್ರ ಒಂಟಿಯಾಗಿತ್ತು."

ಥೇಟರು ಸ್ತಬ್ಧವಾಯಿತು. ನನ್ನ ಮಾತು ನಾಟಿತು ಎಂದುಕೊಂಡೆ. ಮರುಕ್ಷಣ ಹಿಂದಿನ ಸಾಲುಗಳಲ್ಲಿ ಸಿಡಿಲು ಹೊಡೆದಂತೆ ನಗು! ಸೀಟಿ! ತಗಡು ಬಡಿದ ಸದ್ದು! ಅದರ ಮೇಲೆ ಒಬ್ಬನ ಕೂಗು:

"ಒನ್ಸ್ ಮೋರ್!"

ಕುಣಿದವರಿಗಲ್ಲ. ನನಗೆ!

"ದಯವಿಟ್ಟು ಗಮನಿಸಿ" ಎಂದೆ. "ವಿಮರ್ಶೆಗೆ ಒನ್ಸ್ ಮೋರ್ ಇರುವುದಿಲ್ಲ."

ಈಗ ಮುಂದಿನ ಸಾಲಿನವರೂ ಎದ್ದು ಕೂಗತೊಡಗಿದರು. ಪಕ್ಕದ ಮರೆಯಲ್ಲಿ ನಿಂತಿದ್ದ ಪ್ರೇಮವ್ವ ಬಾಗಿಲಿನ ಕಡೆ ಬೆರಳು ತೋರಿಸಿದರು. ಹೊರಗೂ ಲೌಡ್‌ಸ್ಪೀಕರ್ ಇತ್ತು. ಬಸ್ಸಿಗೆ ಕಾಯುತ್ತಿದ್ದವರು, ಚಹಾ ಕುಡಿಯುತ್ತಿದ್ದವರು ನಗು ಕೇಳಿ ಟಿಕೀಟು ತೆಗೆಸಿ ಒಳಗೆ ಬರುತ್ತಿದ್ದರು. ಪ್ರೇಮವ್ವ ನನಗೆ ಕೈಮುಗಿದರು.

ನಾನು ವಿಮರ್ಶೆಯನ್ನು ಅಕ್ಷರವೂ ಬಿಡದೆ ಮತ್ತೊಮ್ಮೆ ಹೇಳಿದೆ. ಈ ಸಲ ಪ್ರತಿ ವಾಕ್ಯದ ಕೊನೆಗೆ ಮಾಸ್ತರರು ಹಾರ್ಮೋನಿಯಂನಲ್ಲಿ ಒಂದು 'ಪೊಂಯ್' ಸೇರಿಸಿದರು. ಅವರು ನಿರ್ಣಾಯಕರ ಕುರ್ಚಿ ಬಿಟ್ಟು ತಮ್ಮ ಪೆಟ್ಟಿಗೆಯ ಹತ್ತಿರ ಯಾವಾಗ ಹೋದರೋ ತಿಳಿಯದು.

ಆಮೇಲೆ ಬಂದವಳು ಸಂಪಗಾಂವದ ಹುಡುಗಿ. ಇಷ್ಟು ನಗುವಿನ ನಡುವೆ ಆಕೆಯ ಮನಸ್ಸು ನೋಯಬಾರದೆಂದು ಏಳು ಎತ್ತಿ, "ಪ್ರಯತ್ನ ಚೆನ್ನಾಗಿದೆ" ಎಂದಷ್ಟೇ ಹೇಳಿ ಕೂತೆ. ಜನಕ್ಕೆ ಸಿಟ್ಟು ಬಂತು. "ಏ ಮೇಡಂ, ಚಂದಂಗ ಬೈರಿ!" ಎಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನನಗ್ಯಾಕ ಬೈಲಿಲ್ರಿ ಮೇಡಂ? ನಾ ಅಷ್ಟು ಸಪ್ಪಗ ಕುಣಿದ್ನೇನ್ರಿ?"

ಏನು ಮಾಡುವುದು? ಮತ್ತೆ ಮೈಕು ಹಿಡಿದೆ. "ಇವರು ವಿರಹದ ಹಾಡಿಗೂ ಮೊದಲಿನಿಂದ ಕೊನೆಯವರೆಗೆ ಒಂದೇ ನಗು ಇಟ್ಟುಕೊಂಡಿದ್ದರು. ಪ್ರಿಯಕರ ಹೋದದ್ದೇ ಒಳ್ಳೆಯದಾಯಿತು ಎಂದು ಪ್ರೇಕ್ಷಕರು ತಿಳಿಯುವ ಅಪಾಯವಿದೆ."

ಥೇಟರು ಕುಸಿಯುವಂತೆ ನಕ್ಕಿತು. ಹುಡುಗಿ ಕಣ್ಣೊರೆಸಿಕೊಂಡು, ತನ್ನ ಗೆಳತಿಯರ ಕಡೆಗೆ ಕೈಬೀಸಿ, ಕುಣಿಯುತ್ತಲೇ ಕೆಳಗಿಳಿದಳು. ಮೊದಲಿಗಿಂತ ಚೆನ್ನಾಗಿ ಕುಣಿದಳು!

ಮರುದಿನ ಬೆಳಿಗ್ಗೆ ನಾನು ತಲೆ ಒಣಗಿಸಿಕೊಳ್ಳುತ್ತಿದ್ದಾಗ ನಮ್ಮ ಓಣಿಯಲ್ಲಿ ಆಟೋ ಬಂತು. ಮೇಲೆ ಲೌಡ್‌ಸ್ಪೀಕರ್. "ಬರ್ರಿ, ಬರ್ರಿ! ಇವತ್ತ ಸಂಜಿಗೆ ಬೈಯೋ ಮೇಡಂ ಬರ್ತಾರ! ನೀವೂ ಕುಣೀರಿ, ನೀವೂ ಬೈಸಿಕೊಳ್ರಿ!"

ಅವ್ವ ಹೊರಗೆ ಬಂದು ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ನಂತರ ನನ್ನನ್ನು ನೋಡಿದಳು.

"ಮನಿಯಾಗ ಪುಕ್ಕಟ ಬೈತಿದ್ದಿ. ಈಗ ನಾವೂ ಟಿಕೀಟ ತಗಸಬೇಕೇನು?"

ಇದು ಸರಿಯಲ್ಲ ಎಂದು ನಿರ್ಧರಿಸಿದೆ. ನಾನು ಅಧ್ಯಾಪಕಿ. ಸಂಜೆ ರಂಗಕ್ಕೆ ಹೋಗಿ, ನನ್ನ ಮಾತುಗಳು ಗಂಭೀರವಾದವು ಎಂದು ಸ್ಪಷ್ಟಪಡಿಸಿ, ಗೌರವದಿಂದ ರಾಜೀನಾಮೆ ಕೊಟ್ಟು ಬರುವುದು.

ಆದಿತ್ಯವಾರ ಥೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ, ವೈನಿ ಮುಂದಿನ ಸಾಲಿನಲ್ಲೇ ಇದ್ದರು. ಸ್ಪರ್ಧೆ ಮುಗಿಯುವ ಹೊತ್ತಿಗೆ ಎದ್ದು ನಿಂತೆ.

"ಮಾನ್ಯರೇ, ನಾನು ಹಾಸ್ಯ ಕಲಾವಿದೆ ಅಲ್ಲ."

ನಗು.

"ನಾನು ನಗಿಸಲು ಬಂದಿಲ್ಲ."

ಇನ್ನೂ ದೊಡ್ಡ ನಗು.

"ಈ ಕ್ಷಣದಿಂದ ನಾನು ನಿರ್ಣಾಯಕ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ!"

"ಒನ್ಸ್ ಮೋರ್!" ಅದು ನನ್ನ ಸ್ವಂತ ವೈನಿಯ ಧ್ವನಿ!

ಕಾರ್ಡುಗಳನ್ನು ಎದೆಗೆ ಅವುಚಿಕೊಂಡು ಕೆಳಗಿಳಿಯಲು ಹೊರಟೆ. ಮೆಟ್ಟಿಲ ಮೇಲೆ, ಸರದಿ ಸಿಗದೆ ಇನ್ನೂ ಬೈಸಿಕೊಳ್ಳದ ಸ್ಪರ್ಧಿಗಳು ತುಂಬಿಕೊಂಡಿದ್ದರು. ತಿರುಗಿ ಪರದೆಯ ಹಿಂದೆ ನುಗ್ಗಿದೆ. ಅಲ್ಲಿ ಕತ್ತಲು. ದಾರಿ ಹುಡುಕುತ್ತಿರುವಾಗಲೇ ಗಂಟೆ ಹೊಡೆಯಿತು, ದೀಪ ಹತ್ತಿತು, ಪರದೆ ಮೇಲೇರಿತು. ಮೂರನೆಯ ಅಂಕ! ನಾನು ಖಳನಾಯಕನ ಮನೆಯ ಪಡಸಾಲೆಯ ನಟ್ಟನಡುವೆ ನಿಂತಿದ್ದೆ!

ಖಳನಾಯಕ ನನ್ನನ್ನು ನೋಡಿ ತನ್ನ ಮಾತು ಮರೆತ. ಮರೆತದ್ದರಿಂದ ಪೀಠಿಕೆಯಿಲ್ಲದೆ ನೇರವಾಗಿ ಬಸಣ್ಣನಿಗೆ ಚೂರಿ ಹಾಕಿ ಓಡಿಹೋದ. ಬಸಣ್ಣ ತೂರಾಡುತ್ತ ಬಂದು ಸರಿಯಾಗಿ ನನ್ನ ಕಾಲ ಬಳಿಯೇ ಬಿದ್ದ. ಓಡಿಹೋಗಬೇಕಿದ್ದ ನಾನು ಅಲ್ಲೇ ನಿಂತೆ. ಏಕೆಂದರೆ ಅವನು ಹಾಡತೊಡಗಿದ್ದ. ತಾನು ಇನ್ನು ಮುಂದೆ ನೋಡಲಾಗದ ಮಗಳ ಬಗ್ಗೆ, ಮುಚ್ಚಿಹೋಗುವ ಮನೆಯ ಬಾಗಿಲ ಬಗ್ಗೆ. ಎಷ್ಟೋ ಸಲ ಕೇಳಿದ ಹಾಡು. ಆದರೆ ಅಂದು ಅವನು ಇದೇ ಕೊನೆಯ ಹಾಡು ಎಂಬಂತೆ ಹಾಡಿದ. ಸತ್ತ.

ನಗುತ್ತಿದ್ದ ಥೇಟರು ಮೌನವಾಗಿತ್ತು. ಹಿಂದಿನಿಂದ ಒಬ್ಬ ಬಹಳ ಗೌರವದಿಂದ ಕೇಳಿದ.

"ಮೇಡಂ, ಎಷ್ಟು?"

ಎಲ್ಲರೂ ನನ್ನ ಕೈ ನೋಡಿದರು. ಹುಬ್ಬಳ್ಳಿಯ ಹೋಟೆಲು ನೆನಪಾಯಿತು. ಆದರೆ ಕರುಣೆಗೆ ನಾನು ಅಂಕ ಕೊಡುವವಳಲ್ಲ. ಬಸಣ್ಣ ನಿಜವಾಗಿಯೂ ಚೆನ್ನಾಗಿ ಸತ್ತಿದ್ದ. ಒಂಬತ್ತು ಎತ್ತಿದೆ.

ಚಪ್ಪಾಳೆಯ ನಡುವೆ ಹೆಣ ಒಂದು ಕಣ್ಣು ತೆರೆಯಿತು.

"ಒಂದು ಯಾಕ ಕಡಿಮಿ ಆತ್ರಿ?"

ಪಿಸುಮಾತೇ. ಆದರೆ ಮೇಲೆ ತೂಗುಹಾಕಿದ್ದ ಮೈಕು ಅದನ್ನು ಊರಿಗೆಲ್ಲ ಕೇಳಿಸಿತು.

"ಕೊನೆಯ ಸಾಲಿನಲ್ಲಿ ಪ್ರಾಣಕ್ಕಿಂತ ಮೊದಲು ಉಸಿರು ಹೋಯಿತು" ಎಂದೆ, ಇದ್ದದ್ದನ್ನು ಇದ್ದಂತೆ.

ಬಸಣ್ಣ ಯೋಚಿಸಿದ. "ಖರೇ ಅದ" ಎಂದ. ಆಮೇಲೆ ಕೇಳಿದ. "ಹಂಗಾರ ಇನ್ನೊಂದ ಸಲ ಸಾಯಲೇನ್ರಿ?"

ಕರುಣ ರಸ, ಧಕ್ಕೆ, ನನ್ನ ಇಷ್ಟು ವರ್ಷಗಳ ಅಭಿಪ್ರಾಯ, ಎಲ್ಲ ನನ್ನ ಎದುರಿಗೆ ಸಾಲಾಗಿ ಬಂದು ನಿಂತವು. ಆದರೆ ತಪ್ಪು ತಿದ್ದಿಕೊಳ್ಳುತ್ತೇನೆ ಎನ್ನುವವನಿಗೆ ಬೇಡ ಎನ್ನುವುದು ಯಾವ ಅಧ್ಯಾಪಕಿಗೆ ಸಾಧ್ಯ?

"ಸಾಯ್ರಿ" ಎಂದೆ.

ಬಸಣ್ಣ ಎದ್ದ. ಖಳನಾಯಕನನ್ನು ಹಿಡಿದು ಕರೆತಂದರು. ಮತ್ತೆ ಚೂರಿ, ಮತ್ತೆ ಹಾಡು. ಈ ಸಲ ಕೊನೆಯ ಸಾಲು ಪೂರ್ತಿ ದಡ ಮುಟ್ಟಿತು. ನಾನು ಹತ್ತು ಎತ್ತಿದೆ, ಮತ್ತು, ಇದನ್ನು ಯಾರಿಗೂ ಹೇಳಬಾರದೆಂದಿದ್ದೆ, ಅತ್ತುಬಿಟ್ಟೆ. ಟೀವಿಯ ನಿರ್ಣಾಯಕರ ಹಾಗೆಯೇ, ಮೂಗು ಒರೆಸಿಕೊಳ್ಳುತ್ತ! ಮುಂದಿನ ಸಾಲಿನಲ್ಲಿ ವೈನಿ ಅವ್ವನ ತೋಳು ಜಗ್ಗಿ ನನ್ನನ್ನು ತೋರಿಸುತ್ತಿದ್ದರು.

ಸೋಮವಾರ ತಗಡು ಬಿಚ್ಚಲಿಲ್ಲ. ಮುಂದಿನ ಸೋಮವಾರವೂ ಬಿಚ್ಚಲಿಲ್ಲ. ಬಸಣ್ಣ ಹುಬ್ಬಳ್ಳಿಗೆ ಹೋಗಲಿಲ್ಲ. ನನ್ನ ರಾಜೀನಾಮೆಯನ್ನು ಯಾರೂ ಸ್ವೀಕರಿಸದ ಕಾರಣ ಪ್ರತಿ ಶನಿವಾರ, ಆದಿತ್ಯವಾರ ಅದನ್ನು ಮತ್ತೆ ಮತ್ತೆ ಕೊಡಬೇಕಾಯಿತು. ಅದಕ್ಕೂ ಒಳ್ಳೆಯ ನಗು ಬರುತ್ತಿತ್ತು.

ಮಳೆಗಾಲಕ್ಕೆ ಮೊದಲು ಕಂಪನಿ ಊರು ಬಿಡುವ ದಿನ ಪ್ರೇಮವ್ವ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಮುಂದಿನ ಮೊಕ್ಕಾಂ ರಾಮದುರ್ಗ. ಕಾಲೇಜಿಗೆ ಸೂಟಿ ಐತಲ್ಲ, ನಮ್ಮ ಕೂಡ ಬಾ ತಂಗಿ. ಊಟ, ವಸ್ತಿ ನಮ್ಮದು."

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತು, ಸಾಧ್ಯವಾದಷ್ಟು ಗಾಂಭೀರ್ಯದಿಂದ ಹೇಳಿದೆ. "ಈ ಪ್ರಸ್ತಾಪದ ಕುರಿತು ಎಲ್ಲ ದೃಷ್ಟಿಗಳಿಂದ ವಿಚಾರ ಮಾಡಿ ನನ್ನ ನಿರ್ಣಯವನ್ನು ತಿಳಿಸುತ್ತೇನೆ."

ಪ್ರೇಮವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. ವೈನಿ ನಕ್ಕರು. ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು.

ನಾನು ನಿಜವಾಗಿಯೂ ವಿಚಾರ ಮಾಡುತ್ತಿದ್ದೆ!